ಶಿಕಾರಿ ಸೀಸನ್ ಮತ್ತು ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ತೀರ್ಥಹಳ್ಳಿ ಕಡೆಯವನು. ಹದಿನೇಳು ವರ್ಷದಿಂದ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ, ಮ್ಯಾಡಿಸನ್ ಪಕ್ಕದ ಒಂದು ಸಣ್ಣ ಊರಲ್ಲಿ ಇದ್ದೇನೆ. ಮದುವೆಯಾಗಿ ಹದಿನಾಲ್ಕು ವರ್ಷ, ಶಿಕಾರಿ ಶುರು ಮಾಡಿ ಹನ್ನೊಂದು ವರ್ಷ, ಇಬ್ಬರು ಮಕ್ಕಳು. ಇಲ್ಲಿನ ಕನ್ನಡದವರಲ್ಲಿ ಜಿಂಕೆ ಬೇಟೆಗೆ ಹೋಗುವವರು ಕಡಿಮೆ, ಆದರೆ ಹೋಗಬೇಕು ಅಂತ ಆಸೆ ಇರುವವರು ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಇದ್ದಾರೆ. ಅವರು ನನ್ನನ್ನು ಮೂಲೆಗೆ ಕರೆದು ಕೇಳುವ ಪ್ರಶ್ನೆಗಳಲ್ಲಿ ಕೋವಿ ಯಾವುದು, ಜಾಗ ಯಾವುದು ಅನ್ನುವುದು ಎರಡೇ ಎರಡು. ಮಿಕ್ಕಿದ್ದೆಲ್ಲ "ಮನೆಯಲ್ಲಿ ಹೇಗೆ ಒಪ್ಪಿಸಿದೆ ಮಾರಾಯ?" ಅನ್ನುವುದರ ಸುತ್ತ. ಹೆಂಡತಿಯರೂ ಕೇಳುತ್ತಾರೆ, ಅವರ ಪ್ರಶ್ನೆಗಳು ಇನ್ನೂ ಚುರುಕು. ಎಲ್ಲವನ್ನೂ ಒಂದೇ ಕಡೆ ಬರೆದಿದ್ದೇನೆ.

ಜಿಂಕೆ ಹೊಡೆಯೋದು ಅಪರಾಧ ಅಲ್ವಾ?

ನಮ್ಮ ದೇಶದಲ್ಲಿ ಹೌದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ, ಕಡವೆ, ಕಾಡುಕುರಿ ಯಾವುದನ್ನೂ ಮುಟ್ಟುವ ಹಾಗಿಲ್ಲ. ಅದು ಸರಿಯಾದ ಕಾನೂನು ಅಂತಲೇ ನನ್ನ ಅಭಿಪ್ರಾಯ. ನಮ್ಮ ಕಾಡಲ್ಲಿ ಜಿಂಕೆ ತಿನ್ನೋಕೆ ಹುಲಿ ಇದೆ, ಚಿರತೆ ಇದೆ, ಸೀಳುನಾಯಿ ಇದೆ. ಅವುಗಳ ತಟ್ಟೆಯಿಂದ ನಾವು ಕಿತ್ತುಕೊಳ್ಳಬೇಕಾಗಿಲ್ಲ.

ಇಲ್ಲಿ ಕಥೆ ಬೇರೆ. ವಿಸ್ಕಾನ್ಸಿನ್ನಿನ ದಕ್ಷಿಣದಲ್ಲಿ ಬಿಳಿಬಾಲದ ಜಿಂಕೆಗೆ ಹೆದರಿಕೆ ಅಂತ ಇದ್ದರೆ ಅದು ಕಾರಿನದು ಮಾತ್ರ. ತೋಳಗಳನ್ನು ಹಿಂದಿನವರು ಹೊಡೆದು ಮುಗಿಸಿದರು. ಈಗ ಅವು ಉತ್ತರದ ಕಾಡಿಗೆ ವಾಪಸ್ ಬಂದಿವೆ, ಈ ಕಡೆ ಅಪರೂಪ. ಜೋಳ, ಸೋಯಾಬೀನ್ ತಿಂದು ಬೆಳೆದ ಜಿಂಕೆಗಳು ರಾಜ್ಯದಲ್ಲಿ ಹತ್ತಾರು ಲಕ್ಷ ಇವೆ. ಪ್ರತಿ ಕೌಂಟಿಯಲ್ಲೂ (ನಮ್ಮ ಜಿಲ್ಲೆಯ ಹಾಗೆ) ಈ ವರ್ಷ ಎಷ್ಟು ಹೆಣ್ಣು ಹೊಡೆಯಬೇಕು ಅಂತ ಸರ್ಕಾರವೇ ಲೆಕ್ಕ ಹಾಕಿ ಪರವಾನಗಿ ಕೊಡುತ್ತದೆ. ಇಲ್ಲಿನ ನಿವಾಸಿಗೆ ಕೋವಿಯ ಲೈಸೆನ್ಸು 24 ಡಾಲರ್. 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಸುರಕ್ಷತೆಯ ಕೋರ್ಸು ಪಾಸು ಮಾಡಿರಬೇಕು. ನಾನು ಆ ಕ್ಲಾಸಲ್ಲಿ ಹನ್ನೆರಡು ವರ್ಷದ ಮಕ್ಕಳ ಮಧ್ಯೆ ಬೆಂಚಲ್ಲಿ ಕೂತು ಪರೀಕ್ಷೆ ಬರೆದೆ. ನನಗಿಂತ ಅವರಿಗೇ ಮಾರ್ಕು ಜಾಸ್ತಿ ಬಂತು.

ಕೋವಿ ಸೀಸನ್ ಅಂದ್ರೆ ಒಂಬತ್ತೇ ದಿನ. ಅದಕ್ಕೆ ಹೆಂಡತಿ ಯಾಕೆ ಇಷ್ಟು ಗಲಾಟೆ ಮಾಡ್ತಾಳೆ?

ನನಗೆ ಅತಿ ಹೆಚ್ಚು ಸಲ ಬಂದಿರುವ ಪ್ರಶ್ನೆ ಇದು. ಇದರಲ್ಲೇ ಒಂದು ಸುಳ್ಳು ಅಡಗಿದೆ.

ಹೌದು, ನವೆಂಬರಿನ ನಾಲ್ಕನೇ ಗುರುವಾರ ಬರುವ ಇಲ್ಲಿನ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಶುರುವಾಗಿ ಅದರ ಮುಂದಿನ ಭಾನುವಾರ ಮುಗಿಯುವ ಕೋವಿ ಸೀಸನ್ ಒಂಬತ್ತು ದಿನ. ಆದರೆ ಬಿಲ್ಲು ಬಾಣದ ಸೀಸನ್ ಸೆಪ್ಟೆಂಬರ್ ಮಧ್ಯದಲ್ಲೇ ಶುರುವಾಗುತ್ತದೆ, ಜನವರಿವರೆಗೂ ಎಳೆಯುತ್ತದೆ. ನವೆಂಬರ್ ಮೊದಲ ಎರಡು ವಾರ ಬೆದೆಗಾಲ, ದೊಡ್ಡ ಗಂಡುಗಳು ಹಗಲು ಹೊತ್ತಲ್ಲೇ ಓಡಾಡುತ್ತವೆ, ಆಗ ಮನೆಯಲ್ಲಿ ಕೂರೋಕೆ ಯಾವ ಶಿಕಾರಿಯವನಿಗೂ ಆಗುವುದಿಲ್ಲ. ಕೋವಿಯ ಒಂಬತ್ತು ದಿನ ಮುಗಿದ ಮಾರನೇ ದಿನವೇ ಹಳೇ ಕಾಲದ ಮದ್ದು ತುಂಬುವ ಕೋವಿಗಳಿಗೆ ಅಂತ ಹತ್ತು ದಿನ. ಅದಾದ ಮೇಲೆ ಹೆಣ್ಣು ಜಿಂಕೆಗೆ ನಾಲ್ಕು ದಿನ. ಇದರ ಜೊತೆಗೆ ಆಗಸ್ಟಲ್ಲಿ ಜಾಗ ನೋಡೋಕೆ ಹೋಗುವ ಭಾನುವಾರಗಳು, ಕೋವಿಯ ಗುರಿ ಸರಿ ಮಾಡೋಕೆ ಹೋಗುವ ಸಂಜೆಗಳು, ಜಿಂಕೆಯ ಓಡಾಟ ನೋಡೋಕೆ ಕಾಡಲ್ಲಿ ಕಟ್ಟಿದ ಕ್ಯಾಮೆರಾದ ಬ್ಯಾಟರಿ ಬದಲಿಸೋಕೆ ಹೋಗಿ ಬರುವ ಎರಡು ಗಂಟೆ, ಜಿಂಕೆ ಸಿಕ್ಕಿದ ಮೇಲೆ ಗ್ಯಾರೇಜಲ್ಲಿ ಮಾಂಸ ಕತ್ತರಿಸುತ್ತಾ ರಾತ್ರಿ ಒಂದು ಗಂಟೆ ಮಾಡುವುದು. ಇವೆಲ್ಲ ಯಾವ ಲೆಕ್ಕಕ್ಕೆ?

ನನ್ನ ಶಿಕಾರಿಯ ನಾಲ್ಕನೇ ವರ್ಷ ನಮ್ಮನೆಯವಳು ಅಡುಗೆಮನೆ ಕ್ಯಾಲೆಂಡರಿನಲ್ಲಿ ನಾನು ಹೊರಗಿದ್ದ ಪ್ರತಿ ದಿನಕ್ಕೂ ಒಂದು ಕೆಂಪು ಚುಕ್ಕೆ ಇಡುತ್ತಾ ಬಂದಳು. ನನಗೆ ಹೇಳಲಿಲ್ಲ. ನಾನೂ ನೋಡಲಿಲ್ಲ, ಗಂಡಸರು ಅಡುಗೆಮನೆ ಕ್ಯಾಲೆಂಡರ್ ಎಲ್ಲಿ ನೋಡುತ್ತೇವೆ. ಹೊಸ ವರ್ಷದ ದಿನ ಅದನ್ನು ಗೋಡೆಯಿಂದ ಇಳಿಸಿ ನನ್ನ ಕಾಫಿ ಲೋಟದ ಪಕ್ಕ ಇಟ್ಟು, "ಎಣಿಸಿ" ಅಂದಳು. ನಲವತ್ತೊಂದು. ನಾನು ಹನ್ನೆರಡು, ಹೆಚ್ಚೆಂದರೆ ಹದಿನೈದು ಅಂದುಕೊಂಡಿದ್ದೆ. ಸುಳ್ಳು ಹೇಳಿದ್ದಲ್ಲ, ನಿಜವಾಗಲೂ ಹಾಗೇ ಅಂದುಕೊಂಡಿದ್ದೆ, ಯಾಕೆಂದರೆ ಜಿಂಕೆ ಕಾಣದ ದಿನ ನನ್ನ ತಲೆಯಲ್ಲಿ ಶಿಕಾರಿಯ ದಿನವೇ ಅಲ್ಲ. ಅವಳಿಗೆ ಅದೂ ಒಂದು ದಿನವೇ.

ಒಂಬತ್ತು ಅಂತ ಹೇಳಿ ನಲವತ್ತೊಂದು ತೆಗೆದುಕೊಂಡರೆ ಯಾರಿಗೆ ಸಿಟ್ಟು ಬರಲ್ಲ ಹೇಳಿ? ಜಗಳ ಜಿಂಕೆಯ ಮೇಲೆ ಅಲ್ಲ, ಲೆಕ್ಕದ ಮೇಲೆ. ನೂರಲ್ಲಿ ತೊಂಬತ್ತು ಮನೆಯಲ್ಲಿ ಇದೇ ಅಂತ ನನ್ನ ಅಂದಾಜು.

ಹಾಗಾದ್ರೆ ಯಾವಾಗ, ಹೇಗೆ ಹೇಳಬೇಕು?

ಆಗಸ್ಟ್ ಕೊನೆಯಲ್ಲಿ, ಕ್ಯಾಲೆಂಡರ್ ಮುಂದಿಟ್ಟುಕೊಂಡು. ಹಿಂದಿನ ರಾತ್ರಿ ಹತ್ತು ಗಂಟೆಗೆ "ನಾಳೆ ಬೆಳಗ್ಗೆ ಸುಮ್ನೆ ಒಂದು ರೌಂಡ್ ಹೋಗಿ ಬರ್ತೀನಿ" ಅನ್ನುವುದು ಬೇಡ. ಆ "ಸುಮ್ನೆ" ಅನ್ನುವ ಪದವನ್ನು ಶಿಕಾರಿಯವರು ಬಳಸದಂತೆ ಮಾಡಬೇಕು.

ನಾವು ಮಾಡುವುದು ಹೀಗೆ. ಮೊದಲು ಅವಳ ದಿನಗಳನ್ನು ಬರೆಯುತ್ತೇವೆ: ಅವಳ ಆಫೀಸಿನ ಕೆಲಸ ಒತ್ತುವ ವಾರ, ಮಕ್ಕಳ ಹುಟ್ಟುಹಬ್ಬ, ದಸರಾ, ದೀಪಾವಳಿ. ದೀಪಾವಳಿ ಒಮ್ಮೊಮ್ಮೆ ಸರಿಯಾಗಿ ಬೆದೆಗಾಲಕ್ಕೇ ಬಂದು ಕೂರುತ್ತದೆ, 2023ರಲ್ಲಿ ನವೆಂಬರ್ 12ಕ್ಕೆ ಬಂದಿತ್ತು. ಆ ವಾರ ನನ್ನ ಹೊಟ್ಟೆ ಉರಿದದ್ದು ನನಗೇ ಗೊತ್ತು, ಆದರೂ ಮನೆಯಲ್ಲೇ ಇದ್ದು ನರಕ ಚತುರ್ದಶಿ ಬೆಳಗ್ಗೆ ಮಕ್ಕಳಿಗೆ ಎಣ್ಣೆ ಹಚ್ಚಿದೆ. ಆಮೇಲೆ ಕನ್ನಡ ಕೂಟದ ರಾಜ್ಯೋತ್ಸವ. ಕನ್ನಡ ತಾಯಿ ನವೆಂಬರಲ್ಲೇ ರಾಜ್ಯ ಮಾಡಿಕೊಂಡಳು, ಏನು ಮಾಡೋಣ. ಮಗಳ ಡ್ಯಾನ್ಸು ಯಾವ ಶನಿವಾರ ಅಂತ ಮೊದಲೇ ಕೇಳಿಟ್ಟುಕೊಳ್ಳಿ.

ಅದಾದ ಮೇಲೆ ಉಳಿದ ದಿನಗಳಲ್ಲಿ ನನ್ನದು. ಈಗ ವರ್ಷಕ್ಕೆ ಹದಿನೆಂಟು ದಿನ ಅಂತ ನಿಗದಿ ಆಗಿದೆ. ಅರ್ಧ ದಿನ ಹೋದರೂ ಒಂದು ದಿನ. ಜಾಗ ನೋಡೋಕೆ ಹೋದರೂ ಒಂದು ದಿನ. ಈ ನಿಯಮ ಅವಳದು, ನಾನು ಚೌಕಾಸಿ ಮಾಡಿ ನೋಡಿದೆ, ಗಿಟ್ಟಲಿಲ್ಲ.

ಬದಲಿಗೆ ಹೆಂಡತಿಗೆ ಏನು ಕೊಡಬೇಕು? ಒಳ್ಳೆ ಸೀರೆ ಕೊಡಿಸಿದ್ರೆ ಆಗಲ್ವಾ?

ಆಗಲ್ಲ. ನಾನು ಕೊಡಿಸಿ ನೋಡಿದ್ದೇನೆ. ಸೀರೆ ಇಟ್ಟುಕೊಂಡಳು, ಸಿಟ್ಟನ್ನೂ ಇಟ್ಟುಕೊಂಡಳು.

ನಮ್ಮ ಕಡೆ ಹಿಂದೆ ಸೋವು ಮಾಡಿ, ಅಂದರೆ ಗುಂಪಾಗಿ ಕೂಗಿ ಪ್ರಾಣಿಗಳನ್ನು ಎಬ್ಬಿಸಿ ಓಡಿಸಿ, ಶಿಕಾರಿ ಮಾಡುತ್ತಿದ್ದ ಕಾಲದಲ್ಲಿ ಪಾಲಿನ ಪದ್ಧತಿ ಇತ್ತು ಅಂತ ಅಜ್ಜ ಹೇಳುತ್ತಿದ್ದರು. ಹಳು ನುಗ್ಗಿ ಕೂಗುತ್ತಾ ಬಂದವನಿಗೆ ಒಂದು ಪಾಲು, ಈಡು ಹೊಡೆದವನಿಗೆ ಸ್ವಲ್ಪ ಜಾಸ್ತಿ, ನಾಯಿ ಕರೆತಂದವನಿಗೆ ನಾಯಿಯದ್ದೂ ಪಾಲು. ನಾಯಿಗೆ ಪಾಲು ಇತ್ತು ಸ್ವಾಮಿ. ಮನೆಯಲ್ಲಿ ದನ, ಕರು, ಮಕ್ಕಳನ್ನು ನೋಡಿಕೊಂಡು ಆಮೇಲೆ ಆ ಮಾಂಸ ಬೇಯಿಸಿದ ಅಜ್ಜಿಯ ಪಾಲಿನ ಬಗ್ಗೆ ಅಜ್ಜ ಏನೂ ಹೇಳಿದ ನೆನಪಿಲ್ಲ.

ನಾನು ಕಾಡಲ್ಲಿ ಕೂತ ದಿನ ಯಾರೋ ಒಬ್ಬರು ಇಬ್ಬರು ಮಕ್ಕಳನ್ನು ಎಬ್ಬಿಸಿ, ತಿಂಡಿ ಕೊಟ್ಟು, ಈಜಿನ ಕ್ಲಾಸಿಗೆ ಬಿಟ್ಟು, ಕರೆತಂದು, ಹಿಮ ಬಿದ್ದಿದ್ದರೆ ಅಂಗಳ ಗೋರಿದ್ದಾರೆ. ದಿನಕ್ಕೆ ದಿನವೇ ಸಾಟಿ. ಅವಳಿಗೂ ಹದಿನೆಂಟು ದಿನ, ಅವಳಿಗೆ ಬೇಕಾದಾಗ, ಬೇಕಾದ ಹಾಗೆ. ಮೊದಲ ವರ್ಷ ಗೆಳತಿಯರ ಜೊತೆ ಮೂರು ದಿನ ಸುಪೀರಿಯರ್ ಸರೋವರದ ದಂಡೆಗೆ ಹೋದಳು. ನಾನು ಮೊದಲ ದಿನವೇ ಆರು ಸಲ ಫೋನ್ ಮಾಡಿದೆ: ಇಡ್ಲಿ ಹಿಟ್ಟು ಎಲ್ಲಿದೆ, ಮಗನ ಬೂಟಿನ ಇನ್ನೊಂದು ಜೊತೆ ಎಲ್ಲಿ, ಕೆಮ್ಮಿನ ಔಷಧ ಎಷ್ಟು ಚಮಚ. ಆರನೇ ಸಲ ಅವಳು ಎತ್ತಲಿಲ್ಲ. ನಾನು ಜಿಂಕೆಗೆ ಕಾಯುತ್ತಾ ಮರದ ಮೇಲೆ ಕೂತಾಗ ನನ್ನ ಫೋನೂ ಹಾಗೇ ಇರುತ್ತಿತ್ತಲ್ಲ ಅಂತ ಅವತ್ತು ಹೊಳೆಯಿತು.

ನಿಮ್ಮಿಂದ ದೊಡ್ಡ ತಪ್ಪು ಆಗಿದ್ದು ಯಾವುದು?

ಇದನ್ನು ನಮ್ಮನೆಯವಳು ಪ್ರತಿ ವರ್ಷ ಬೇರೆಯವರ ಮುಂದೆ ಹೇಳುತ್ತಾಳೆ, ನಾನೇ ಮೊದಲು ಹೇಳಿಬಿಡುತ್ತೇನೆ.

ಮಗ ಒಂದು ವರ್ಷದವನು, ಮಗಳು ಐದು. ಸೀಸನ್ ಶುರುವಾಗುವ ಶನಿವಾರ. ನಾನು ಮುಂಜಾನೆ ಮೂರೂವರೆಗೆ ಮನೆ ಬಿಟ್ಟು ರಿಚ್‌ಲೆಂಡ್ ಕೌಂಟಿಯ ಒಂದು ಕಣಿವೆಗೆ ಹೋಗಿದ್ದೆ. ಆ ಕಡೆ ನೆಲ ಗುಡ್ಡ, ಕಣಿವೆ, ತೊರೆ, ಸ್ವಲ್ಪ ನಮ್ಮ ಮಲೆನಾಡಿನ ಥರ. ಹಿಮಯುಗದಲ್ಲಿ ಅಲ್ಲಿಗೆ ಹಿಮನದಿ ಮುಟ್ಟಲಿಲ್ಲವಂತೆ, ಅದಕ್ಕೇ ಮಿಕ್ಕ ರಾಜ್ಯದ ಹಾಗೆ ಚಪ್ಪಟೆ ಆಗಿಲ್ಲ. ಕಣಿವೆಯ ತಳದಲ್ಲಿ ಫೋನಿಗೆ ಸಿಗ್ನಲ್ ಇಲ್ಲ. ಮಧ್ಯಾಹ್ನ ಎರಡೂವರೆಗೆ ಒಂದು ದೊಡ್ಡ ಗಂಡು ಬಂತು, ಕೊಂಬಿಗೆ ಹತ್ತು ಕವಲು. ಹೊಡೆದೆ. ಕರುಳು ತೆಗೆದು, ಹಿಮದ ಮೇಲೆ ಎಳೆದುಕೊಂಡು ರಸ್ತೆಗೆ ಬರುವಷ್ಟರಲ್ಲಿ ಕತ್ತಲು.

ಗುಡ್ಡ ಹತ್ತಿದ ಮೇಲೆ ಫೋನ್ ಒಂದೇ ಸಮ ಗುಂಯ್‌ಗುಟ್ಟೋಕೆ ಶುರುವಾಯಿತು. ಹನ್ನೊಂದು ಮಿಸ್ಡ್ ಕಾಲ್. ಬೆಳಗ್ಗೆ ಒಂಬತ್ತಕ್ಕೆ ಮನೆಯ ಹೀಟರ್ ಕೆಟ್ಟಿತ್ತು, ಹೊರಗೆ ಸೊನ್ನೆಗಿಂತ ಹನ್ನೆರಡು ಡಿಗ್ರಿ ಕೆಳಗೆ. ಮಗನಿಗೆ ಹಿಂದಿನ ರಾತ್ರಿಯಿಂದಲೇ ಮೈ ಬೆಚ್ಚಗಿತ್ತು, ನಾನು ಹೊರಡುವಾಗ ಹಣೆ ಮುಟ್ಟಿ "ಏನಿಲ್ಲ ಬಿಡು" ಅಂದಿದ್ದೆ. ರಿಪೇರಿಯವರು ಬರೋಕೆ ಸಂಜೆ ಆಯಿತು, ಅವರಲ್ಲೂ ಅರ್ಧ ಜನ ಶಿಕಾರಿಗೆ ಹೋಗಿದ್ದರು. ಪಕ್ಕದ ಮನೆಯ ಮುದುಕಿ ಒಂದು ಸಣ್ಣ ಕರೆಂಟ್ ಹೀಟರ್ ತಂದು ಕೊಟ್ಟಿದ್ದಳು. ನಮ್ಮನೆಯವಳು, ಇಬ್ಬರು ಮಕ್ಕಳು ಒಂದೇ ಕೋಣೆಯಲ್ಲಿ ಬಾಗಿಲ ಸಂದಿಗೆ ಟವೆಲ್ ತುರುಕಿಕೊಂಡು ಕೂತಿದ್ದರು.

ಇಷ್ಟೇ ಆಗಿದ್ದರೆ ಅದು ಗ್ರಹಚಾರ, ತಪ್ಪಲ್ಲ. ನನ್ನ ತಪ್ಪು ಆಮೇಲಿನದು. ಮನೆಗೆ ಬಂದು, ಬಾಗಿಲು ತೆಗೆದು, ಕಿತ್ತಳೆ ಬಣ್ಣದ ಕೋಟಿನಲ್ಲೇ ನಿಂತು ನಾನು ಹೇಳಿದ ಮೊದಲ ಮಾತು: "ಹತ್ತು ಕವಲು ಕಣೇ!"

ಅವಳು ಕೂಗಾಡಲಿಲ್ಲ. ಮಗುವನ್ನು ಭುಜ ಬದಲಿಸಿ, "ಕೊಂಬಿನ ಕವಲು ಎಣಿಸಿದ್ರಿ. ಪುಟ್ಟಂಗೆ ಜ್ವರ ಎಷ್ಟಿದೆ ಹೇಳಿ ನೋಡೋಣ" ಅಂದಳು. ನೂರಾಮೂರು ಇತ್ತು.

ಆ ಕೊಂಬು ಇವತ್ತಿಗೂ ಗ್ಯಾರೇಜಲ್ಲಿ ಪೇಂಟ್ ಡಬ್ಬಗಳ ಹಿಂದೆ ಇದೆ. ಗೋಡೆಗೆ ಹಾಕುವ ಮಾತು ನಾನೂ ಎತ್ತಿಲ್ಲ.

ಅದಾದ ಮೇಲೆ ಏನು ಬದಲಾಯಿಸಿಕೊಂಡಿರಿ?

ಅಕ್ಟೋಬರಲ್ಲೇ ಹೀಟರ್ ಸರ್ವೀಸ್, ಕಾರಿನ ಟೈರ್, ಹಿಮ ಗೋರುವ ಮೆಷಿನ್ನಿಗೆ ಪೆಟ್ರೋಲ್. ಉಪಗ್ರಹದ ಮೂಲಕ ಮೆಸೇಜ್ ಹೋಗುವ ಸಣ್ಣ ಸಾಧನ ಒಂದು ಕೊಂಡೆ. ಮಧ್ಯಾಹ್ನ ಹನ್ನೆರಡಕ್ಕೆ, ಎಷ್ಟೇ ಜಿಂಕೆ ಓಡಾಡಲಿ, ಒಂದು ಸುದ್ದಿ ಕಳಿಸುತ್ತೇನೆ. ಯಾವ ಮರದ ಮೇಲೆ ಕೂತಿರುತ್ತೇನೆ ಅಂತ ಮ್ಯಾಪಿನಲ್ಲಿ ಗುರುತು ಹಾಕಿ ಕೊಟ್ಟಿರುತ್ತೇನೆ. ಮಕ್ಕಳಿಗೆ ಜ್ವರ ಇದ್ದರೆ ಹೋಗುವುದಿಲ್ಲ, ಅದು ಶುರುವಿನ ದಿನವೇ ಆಗಿದ್ದರೂ.

ಹೆಂಡತಿ ಸಸ್ಯಾಹಾರಿ. ಸಾಧ್ಯವೇ ಇಲ್ಲ ಅಲ್ವಾ?

ಸಾಧ್ಯ ಇದೆ, ಆದರೆ ನಾಜೂಕು. ನನ್ನ ಒಬ್ಬ ಗೆಳೆಯನ ಮನೆಯಲ್ಲಿ ಹೀಗೇ. ಅವರು ಮಾಡಿಕೊಂಡ ಏರ್ಪಾಡು ನನಗೆ ಹಿಡಿಸಿತು: ಗ್ಯಾರೇಜಲ್ಲಿ ಬೇರೆ ಫ್ರೀಜರ್, ಬೇರೆ ಚಾಕು, ಬೇರೆ ಹಲಗೆ, ಬೇರೆ ಕುಕ್ಕರ್. ಮಾಂಸ ಬೇಯುವುದು ಹೊರಗಿನ ಒಲೆಯಲ್ಲಿ. ಶಿಕಾರಿ ಬಟ್ಟೆ ಗ್ಯಾರೇಜಲ್ಲೇ ಬಿಚ್ಚಬೇಕು, ಸೀದಾ ಬಚ್ಚಲು. ಅವಳು ಹಾಕಿದ ಷರತ್ತು ಇನ್ನೊಂದು, ಸತ್ತ ಜಿಂಕೆಯ ಜೊತೆ ಹಲ್ಲು ಕಿರಿದು ತೆಗೆಸಿಕೊಂಡ ಫೋಟೋ ಅವಳ ಕಣ್ಣಿಗೆ ಬೀಳಕೂಡದು. ಅದು ನ್ಯಾಯವಾದ ಬೇಡಿಕೆ ಅಂತ ನನಗನ್ನಿಸುತ್ತದೆ. ನಾನೂ ಈಗ ಅಂಥ ಫೋಟೋ ತೆಗೆಸುವುದಿಲ್ಲ.

ಮನೆಯಲ್ಲಿ ಮಾಂಸವೇ ಬೇಡ ಅಂದರೆ ದಾನ ಕೊಡಬಹುದು. 2000ರಿಂದ ವಿಸ್ಕಾನ್ಸಿನ್ನಿನಲ್ಲಿ ಅದಕ್ಕೊಂದು ಯೋಜನೆ ಇದೆ, ಜಿಂಕೆಯನ್ನು ಆ ಯೋಜನೆಗೆ ಸೇರಿದ ಕಸಾಯಿಯವರಿಗೆ ಕೊಟ್ಟರೆ ಅವರು ಕತ್ತರಿಸಿ ಬಡವರಿಗೆ ಊಟ ಹಂಚುವ ಕಡೆಗೆ ಕಳಿಸುತ್ತಾರೆ, ನಿಮಗೆ ಖರ್ಚಿಲ್ಲ.

ನಮ್ಮ ಮನೆಯಲ್ಲಿ ಈಗ ಮಗಳೊಬ್ಬಳನ್ನು ಬಿಟ್ಟು ಎಲ್ಲರೂ ತಿನ್ನುತ್ತೇವೆ, ಆದರೂ ಒಂದು ತಮಾಷೆ ಇದೆ. ಶನಿವಾರ ನಮ್ಮಲ್ಲಿ ಮಾಂಸ ಇಲ್ಲ, ಅತ್ತೆಯ ಕಾಲದಿಂದ ಬಂದದ್ದು. ಸೀಸನ್ ಶುರುವಾಗುವುದು ಶನಿವಾರವೇ! ಮೊದಲ ವರ್ಷ ಅತ್ತೆ ಫೋನಿನಲ್ಲಿ, "ಶನಿವಾರ ತಿನ್ನಬಾರದು ಅಂತ ಗೊತ್ತು, ಹೊಡೀಬಹುದಾ ಅಂತ ಯಾರಿಗೂ ಕೇಳಿಲ್ಲಪ್ಪ" ಅಂದರು. ಕೊನೆಗೆ ಅವರೇ ತೀರ್ಮಾನ ಕೊಟ್ಟರು: ಹೊಡೆಯಬಹುದು, ಒಲೆ ಹತ್ತಿಸುವುದು ಭಾನುವಾರ.

ಊರಿಂದ ಅಪ್ಪ ಅಮ್ಮ, ಅತ್ತೆ ಮಾವ ಬಂದಾಗ ಶಿಕಾರಿಗೆ ಹೋಗಬಹುದಾ?

ಅವರು ಆರು ತಿಂಗಳಿಗೆ ಅಂತ ಬರುತ್ತಾರೆ, ಹೆಚ್ಚಾಗಿ ಚಳಿಗೆ ಮುಂಚೆ ಹೊರಡುತ್ತಾರೆ. ನವೆಂಬರಲ್ಲಿ ಇದ್ದರೆ, ಅಜ್ಜಿ ತಾತ ಇದ್ದಾರಲ್ಲ ಅಂತ ನಿಶ್ಚಿಂತೆಯಾಗಿ ಹೊರಡಬೇಡಿ. ಅವರಿಗೆ ಕಾರು ಓಡಿಸೋಕೆ ಬರಲ್ಲ, ಹಿಮದಲ್ಲಿ ಹೊರಗೆ ಹೋಗೋಕೆ ಆಗಲ್ಲ. ಹೆಂಡತಿಗೆ ಕೆಲಸ ಜಾಸ್ತಿಯೇ ಆಗಿರುತ್ತದೆ. ನನ್ನ ಅಪ್ಪ ಬಂದಾಗ ಒಂದು ಸಂಜೆ ಜೊತೆಗೆ ಕರೆದುಕೊಂಡು ಹೋಗಿದ್ದೆ. ಮರಕ್ಕೆ ಕಟ್ಟಿದ ಏಣಿ, ಸೀಟು, ಬೆಲ್ಟು ಎಲ್ಲ ನೋಡಿ, "ಇದು ನಿನ್ನ ಅಜ್ಜನ ಮರಸು ಅಲ್ವೇನೋ" ಅಂದರು. ಅಜ್ಜ ಬಸರಿ ಮರದಲ್ಲಿ ಅಟ್ಟಣಿಗೆ ಕಟ್ಟಿ ರಾತ್ರಿಯಿಡೀ ಮರಸು ಕೂರುತ್ತಿದ್ದರಂತೆ. ಇವರು ಅದನ್ನೇ ಇನ್ನೂರು ಡಾಲರಿಗೆ ಮಾರುತ್ತಾರೆ.

ಮರದಿಂದ ಬಿದ್ರೆ?

ಹೆಂಡತಿಯರು ಕೇಳುವ ಪ್ರಶ್ನೆ, ಸರಿಯಾದ ಪ್ರಶ್ನೆ. ಶಿಕಾರಿಯಲ್ಲಿ ಜನ ಗಾಯ ಮಾಡಿಕೊಳ್ಳುವುದು ಗುಂಡು ತಗುಲಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಮರದಿಂದ ಬೀಳುವುದೂ ಅಷ್ಟೇ ದೊಡ್ಡ ಅಪಾಯ. ಸೊಂಟ, ಎದೆ, ತೊಡೆಗೆ ಸುತ್ತುವ ಬೆಲ್ಟು ಹಾಕಿ, ಕಾಲು ನೆಲ ಬಿಟ್ಟ ಕ್ಷಣದಿಂದ ವಾಪಸ್ ನೆಲ ಮುಟ್ಟುವವರೆಗೆ ಹಗ್ಗಕ್ಕೆ ಸಿಕ್ಕಿಸಿರಬೇಕು. ಕೋವಿಯನ್ನು ಖಾಲಿ ಮಾಡಿ ಹಗ್ಗದಲ್ಲಿ ಮೇಲೆ ಎಳೆದುಕೊಳ್ಳಬೇಕು, ಹೆಗಲಿಗೆ ಹಾಕಿಕೊಂಡು ಹತ್ತಬಾರದು. ಕೋವಿ ಸೀಸನ್ನಿನಲ್ಲಿ ಸೊಂಟದ ಮೇಲಿನ ಬಟ್ಟೆಯಲ್ಲಿ ಅರ್ಧದಷ್ಟಾದರೂ ಹೊಳೆಯುವ ಕಿತ್ತಳೆ ಬಣ್ಣ ಇರಲೇಬೇಕು ಅಂತ ಕಾನೂನು, 2016ರಿಂದ ಹೊಳೆಯುವ ಗುಲಾಬಿ ಬಣ್ಣವೂ ನಡೆಯುತ್ತದೆ. ಇನ್ನು ಸೆಪ್ಟೆಂಬರ್, ಅಕ್ಟೋಬರಲ್ಲಿ ರಕ್ತ ಹೀರುವ ಉಣುಗಿನ ಕಾಟ. ಅದು ಕಚ್ಚಿ ಬರುವ ಲೈಮ್ ರೋಗ ಈ ರಾಜ್ಯದಲ್ಲಿ ಜಾಸ್ತಿ. ಮನೆಗೆ ಬಂದ ತಕ್ಷಣ ಬಟ್ಟೆ ಡ್ರೈಯರಿಗೆ, ಮೈಯೆಲ್ಲ ಹುಡುಕಿಸಿಕೊಳ್ಳುವುದು. ಮಗುವನ್ನು ಎತ್ತಿಕೊಳ್ಳುವುದು ಅದಾದ ಮೇಲೆ.

ಮನೆಯಲ್ಲಿ ಕೋವಿ ಇಟ್ಟುಕೊಂಡರೆ ಮಕ್ಕಳ ಗತಿ?

ಅಜ್ಜನ ಕೋವಿ ಜಗಲಿಯ ಗೋಡೆಯ ಗೂಟದಲ್ಲಿ ತೂಗುತ್ತಿತ್ತು. ಬೆಳೆ ರಕ್ಷಣೆಯ ಲೈಸೆನ್ಸಿನದು. ಎಲೆಕ್ಷನ್ ಬಂದಾಗ ಠಾಣೆಗೆ ಒಪ್ಪಿಸಿ ಬರುವುದು ಬಿಟ್ಟರೆ ಅದು ಗೂಟ ಬಿಟ್ಟು ಅಲುಗಿದ್ದು ಕಡಿಮೆ. ನಾವು ಮಕ್ಕಳು ಅದರ ಕೆಳಗೇ ಆಡುತ್ತಿದ್ದೆವು. ಅದನ್ನು ನೆನೆದರೆ ಈಗ ಮೈ ಜುಂ ಅನ್ನುತ್ತದೆ.

ಇಲ್ಲಿ ನನ್ನದು ಕಬ್ಬಿಣದ ಬೀರುವಿನಲ್ಲಿ, ಗೋಡೆಗೆ ಬೋಲ್ಟ್ ಹಾಕಿ, ನಂಬರ್ ಬೀಗ. ತೋಟಾ ಬೇರೆ ಕೋಣೆಯಲ್ಲಿ, ಬೇರೆ ಬೀಗ. ಹದಿನಾಲ್ಕು ವರ್ಷದೊಳಗಿನ ಮಗುವಿನ ಕೈಗೆ ಎಟಕುವ ಹಾಗೆ ತುಂಬಿದ ಕೋವಿ ಬಿಟ್ಟು, ಅದು ಮಗುವಿನ ಕೈಗೆ ಸಿಕ್ಕಿ ಏನಾದರೂ ಆದರೆ ವಿಸ್ಕಾನ್ಸಿನ್ನಿನಲ್ಲಿ ಕೇಸು ಬೀಳುತ್ತದೆ. ಕೇಸಿನ ಮಾತು ಬಿಡಿ. ಇದರಲ್ಲಿ ಹೆಂಡತಿಗೆ ಸ್ವಲ್ಪ ಅನುಮಾನ ಇದ್ದರೂ ಕೋವಿ ಮನೆಗೆ ತರಬೇಡಿ, ಬಿಲ್ಲು ಬಾಣದಲ್ಲೇ ಶುರು ಮಾಡಿ.

ಎಚ್-1ಬಿ ವೀಸಾದಲ್ಲಿ ಇದ್ದೇನೆ. ಕೋವಿ ಮುಟ್ಟಬಹುದಾ?

ಎಚ್-1ಬಿ ಕೆಲಸದ ವೀಸಾದಂಥ ವಲಸೆಯೇತರ ವೀಸಾದಲ್ಲಿ ಇರುವವರು ಬಂದೂಕು, ತೋಟಾ ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ರಾಜ್ಯ ಕೊಟ್ಟ, ಚಾಲ್ತಿಯಲ್ಲಿರುವ ಶಿಕಾರಿ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಹಸಿರು ಕಾರ್ಡ್, ಅಂದರೆ ಇಲ್ಲಿ ಕಾಯಂ ಇರುವ ಪರವಾನಗಿ, ಇದ್ದವರಿಗೆ ಈ ತೊಡಕಿಲ್ಲ. ಆದರೆ ನೋಡಿ, ಇಡೀ ಸಂಸಾರದ ವೀಸಾ ನಿಮ್ಮ ಹೆಸರಿನ ಮೇಲೆ ನಿಂತಿರುವಾಗ, ಲೈಸೆನ್ಸಿನ ಅವಧಿ ಮುಗಿದದ್ದು ಮರೆತು ಸಿಕ್ಕಿಹಾಕಿಕೊಂಡರೆ ಪೆಟ್ಟು ಹೆಂಡತಿ ಮಕ್ಕಳಿಗೂ. ವಕೀಲರನ್ನು ಒಂದು ಮಾತು ಕೇಳಿ. ನಾನು ಹಸಿರು ಕಾರ್ಡ್ ಬರುವವರೆಗೆ ಬಿಲ್ಲಿನಲ್ಲೇ ಇದ್ದೆ, ಎರಡು ವರ್ಷ ಒಂದು ಜಿಂಕೆಯೂ ಸಿಗಲಿಲ್ಲ. ಸಿಗದಿದ್ದರೂ ಏನೂ ಕಮ್ಮಿ ಆಗಲಿಲ್ಲ.

ದುಡ್ಡು ಎಷ್ಟು ಹೋಗುತ್ತೆ, ನಿಜ ಹೇಳಿ.

ಲೈಸೆನ್ಸು ಅಗ್ಗ, ಸಾಮಾನು ದುಬಾರಿ. "ಮಾಂಸ ಪುಕ್ಕಟೆ ಬರುತ್ತಲ್ಲ" ಅನ್ನುವ ವಾದವನ್ನು ಮಾತ್ರ ಹೆಂಡತಿಯ ಮುಂದೆ ಇಡಬೇಡಿ. ಬಲಿತ ಹೆಣ್ಣು ಜಿಂಕೆಯಲ್ಲಿ ಮೂಳೆ ಬಿಟ್ಟು ಹದಿನೆಂಟು ಇಪ್ಪತ್ತು ಕೆ.ಜಿ. ಮಾಂಸ ಸಿಗಬಹುದು. ಕೋವಿ, ದುರ್ಬೀನು, ಬೂಟು, ಕೋಟು, ಪೆಟ್ರೋಲು, ಫ್ರೀಜರ್ ಎಲ್ಲ ಸೇರಿಸಿ ಭಾಗಿಸಿದರೆ ಕೋವಿ ಹಿಡಿದ ನನ್ನ ಮೊದಲ ವರ್ಷದ ಮಾಂಸಕ್ಕಿಂತ ಬೆಳ್ಳಿ ಅಗ್ಗ ಇತ್ತು. ಈಗ ವರ್ಷಕ್ಕೆ ಇಷ್ಟು ಅಂತ ಇಬ್ಬರಿಗೂ ಒಂದೇ ಮೊತ್ತದ ಕೈಖರ್ಚು. ಅದರಲ್ಲಿ ನಾನು ತೋಟಾ ತರುತ್ತೇನೋ ಬೂಟು ತರುತ್ತೇನೋ ಅವಳು ಕೇಳುವುದಿಲ್ಲ, ಅವಳದ್ದನ್ನು ನಾನು ಕೇಳುವುದಿಲ್ಲ.

ಮಕ್ಕಳು ಈ ಮಾಂಸ ತಿನ್ನಬಹುದಾ?

ಎರಡು ವಿಷಯ ನೋಡಿಕೊಳ್ಳಿ.

ಒಂದು, ಜಿಂಕೆಗೆ ಬರುವ ಸೊರಗು ರೋಗ, ಇಲ್ಲಿ ಎಲ್ಲರೂ ಸಿಡಬ್ಲ್ಯೂಡಿ ಅನ್ನುತ್ತಾರೆ. ವಿಸ್ಕಾನ್ಸಿನ್ನಿನಲ್ಲಿ ಇದು ಮೊದಲು ಕಂಡದ್ದು 2002ರಲ್ಲಿ, ಮೌಂಟ್ ಹೊರೆಬ್ ಹತ್ತಿರ, ಅಂದರೆ ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಮನುಷ್ಯರಿಗೆ ಬಂದದ್ದು ಇದುವರೆಗೆ ದೃಢಪಟ್ಟಿಲ್ಲ, ಆದರೂ ರೋಗ ಇದೆ ಅಂತ ಗೊತ್ತಾದ ಮಾಂಸ ತಿನ್ನಬೇಡಿ ಅಂತಲೇ ಆರೋಗ್ಯ ಇಲಾಖೆಯ ಸಲಹೆ. ಬೇಯಿಸಿದರೆ ಹೋಗುವಂಥದ್ದಲ್ಲ. ಪರೀಕ್ಷೆ ಉಚಿತ. ರಸ್ತೆ ಬದಿಯಲ್ಲಿ ಡಬ್ಬಿಗಳು ಇರುತ್ತವೆ, ತಲೆಯನ್ನು ಸ್ವಲ್ಪ ಕುತ್ತಿಗೆ ಸಮೇತ ಚೀಲಕ್ಕೆ ಹಾಕಿ, ಚೀಟಿ ಬರೆದು ಬಿಟ್ಟು ಬಂದರೆ ಕೆಲವು ದಿನದಲ್ಲಿ ಫಲಿತಾಂಶ ಬರುತ್ತದೆ. ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಂದು ತುಂಡೂ ಬೇಯುವುದಿಲ್ಲ. ಪ್ರತಿ ಪೊಟ್ಟಣದ ಮೇಲೂ ಯಾವ ಜಿಂಕೆಯದು ಅಂತ ನಂಬರ್. ಒಮ್ಮೆ ರೋಗ ಇದೆ ಅಂತ ಬಂತು, ಕತ್ತರಿಸಿ ಪ್ಯಾಕ್ ಮಾಡಿದ್ದ ಅಷ್ಟನ್ನೂ ಎಸೆದೆವು. ಹೊಟ್ಟೆ ಚುರುಕ್ ಅಂತು.

ಎರಡು, ಸೀಸ. ಸೀಸದ ಗುಂಡು ಒಳಗೆ ಒಡೆದು ಕಣ್ಣಿಗೆ ಕಾಣದಷ್ಟು ಸಣ್ಣ ಚೂರು ಆಗಿ ಹರಡುತ್ತದೆ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ ಅದು ಒಳ್ಳೆಯದಲ್ಲ. ನಾನು ತಾಮ್ರದ ಗುಂಡಿಗೆ ಬದಲಾದೆ.

ಅಡುಗೆ ಕೇಳುತ್ತೀರಿ ಅಂತ ಗೊತ್ತು. ಈ ಮಾಂಸದಲ್ಲಿ ಕೊಬ್ಬೇ ಇಲ್ಲ, ಹಾಗಾಗಿ ಎಣ್ಣೆ ಧಾರಾಳ ಹಾಕಿ. ಕಾಳುಮೆಣಸು, ಬೆಳ್ಳುಳ್ಳಿ, ಶುಂಠಿ ಅರೆದು ರಾತ್ರಿಯಿಡೀ ಹಚ್ಚಿಟ್ಟು ಬೆಳಗ್ಗೆ ಕುಕ್ಕರ್, ಆಮೇಲೆ ಬಾಣಲೆಯಲ್ಲಿ ನೀರು ಇಂಗುವವರೆಗೆ ಹುರಿಯುವುದು. ಜೊತೆಗೆ ಕಡುಬು. ಮಗ ಇದನ್ನು "ಅಪ್ಪನ ಚಿಕನ್" ಅನ್ನುತ್ತಾನೆ.

ಮಗಳು ನಾನೂ ಬರ್ತೀನಿ ಅಂತಾಳೆ. ಕರ್ಕೊಂಡು ಹೋಗಲಾ?

ಅವಳಿಗೆ ಆಸೆ ಇದ್ದರೆ. ನಿಮಗೆ ಆಸೆ ಇದ್ದರೆ ಅಲ್ಲ. ಅಕ್ಟೋಬರಲ್ಲಿ ಹದಿನೈದು ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅಂತಲೇ ಒಂದು ಶನಿವಾರ ಭಾನುವಾರ ಇದೆ. ನನ್ನ ಮಗಳು ಎರಡು ವರ್ಷ ಬಂದಳು. ಮೊದಲ ವರ್ಷ ಚಿಪ್ಸ್ ಪ್ಯಾಕೆಟ್ ಸದ್ದಿಗೆ ಇಡೀ ಗುಡ್ಡ ಖಾಲಿ ಆಯಿತು. ಎರಡನೇ ವರ್ಷ ಮೂವತ್ತು ಅಡಿ ದೂರದಲ್ಲಿ ಒಂದು ಹೆಣ್ಣು, ಜೊತೆಗೆ ಮರಿ ಬಂದು ನಿಂತವು. ಅವಳು ನನ್ನ ಕೈ ಒತ್ತಿ ಹಿಡಿದು ಬೇಡ ಅಂತ ತಲೆ ಆಡಿಸಿದಳು. ಹೊಡೆಯಲಿಲ್ಲ. ಈಗ ಬರುವುದಿಲ್ಲ, ಮಾಂಸ ತಿನ್ನುವುದನ್ನೂ ಬಿಟ್ಟಿದ್ದಾಳೆ. ಅದರ ಬಗ್ಗೆ ನಾನು ಚರ್ಚೆ ಮಾಡುವುದಿಲ್ಲ, ಅವಳೂ ನನಗೆ ಪಾಠ ಮಾಡುವುದಿಲ್ಲ. ಇಬ್ಬರಿಗೂ ಕಷ್ಟವೇ, ನಡೆಯುತ್ತಿದೆ.

ಹೆಂಡತಿಯೂ ಶಿಕಾರಿ ಕಲಿತರೆ ಸಮಸ್ಯೆ ಮುಗೀತಲ್ವಾ?

ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

ಥ್ಯಾಂಕ್ಸ್‌ಗಿವಿಂಗ್ ದಿನ ಹೋಗಬಹುದಾ?

ನಮ್ಮ ಹಬ್ಬ ಅಲ್ಲ ನಿಜ. ಆದರೆ ಎಲ್ಲರಿಗೂ ರಜೆ ಇರುವ ಒಂದೇ ಗುರುವಾರ, ನಾಲ್ಕು ಕನ್ನಡ ಮನೆಯವರು ಸೇರಿ ಬಿಸಿಬೇಳೆಬಾತ್, ಹೋಳಿಗೆ ಮಾಡುವ ದಿನ. ಹೋಗಬೇಡಿ. ಹಿಂದಿನ ಬುಧವಾರ ಹೋಗಿ, ಕಾಡು ಖಾಲಿ ಇರುತ್ತದೆ.

ನವೆಂಬರಲ್ಲಿ ಹೆರಿಗೆ ದಿನ ಕೊಟ್ಟಿದ್ದಾರೆ...

ಇದನ್ನು ನಿಜವಾಗಲೂ ಒಬ್ಬ ಕೇಳಿದ. ಆ ವರ್ಷ ಲೈಸೆನ್ಸೇ ತೆಗೆದುಕೊಳ್ಳಬೇಡಿ.

ಮದುವೆ ಮಾತುಕತೆ ನಡೀತಿದೆ. ಹುಡುಗಿಗೆ ಮೊದಲೇ ಹೇಳಬೇಕಾ?

ಜಾತಕ ಕೊಡುವಾಗಲೇ ಹೇಳಿ. ಎಷ್ಟು ದಿನ ಅಂತ ಸರಿಯಾಗಿ ಹೇಳಿ. ಮದುವೆಯ ಮುಹೂರ್ತ ನವೆಂಬರ್ ಕೊನೆಗೆ ಇಟ್ಟುಕೊಳ್ಳಬೇಡಿ, ಪ್ರತಿ ವಾರ್ಷಿಕೋತ್ಸವ ಮರದ ಮೇಲೆ ಆಗುತ್ತದೆ.

ಊರಿಗೆ ಬಂದಾಗ ತೋಟದಲ್ಲಿ ಕಾಡುಕುರಿ ಕಾಣುತ್ತೆ, ಒಂದು ಈಡು...

ಬೇಡ. ಮೊದಲ ಉತ್ತರ ಓದಿ. ಜಾಸ್ತಿ ಹೇಳುವುದಿಲ್ಲ.

ಪೂರ್ತಿ ಬಿಟ್ಟುಬಿಡೋಣ ಅನ್ನಿಸಿಲ್ವಾ?

ಒಂದು ವರ್ಷ ಬಿಟ್ಟಿದ್ದೆ. ನಮ್ಮನೆಯವಳ ಅಮ್ಮನಿಗೆ ಹುಷಾರಿರಲಿಲ್ಲ, ಅವಳು ಶಿವಮೊಗ್ಗಕ್ಕೆ ಹೋಗಿ ಬರುವುದು, ರಾತ್ರಿಯೆಲ್ಲ ಫೋನು. ಯಾರೂ ಬೇಡ ಅನ್ನಲಿಲ್ಲ, ನಾನೇ ಲೈಸೆನ್ಸ್ ತೆಗೆಯಲಿಲ್ಲ. ಶುರುವಿನ ಶನಿವಾರ ಅಲಾರಾಂ ಇಲ್ಲದೆಯೇ ಮೂರಕ್ಕೆ ಎಚ್ಚರ ಆಯಿತು. ಕಾಫಿ ಮಾಡಿಕೊಂಡು ಕತ್ತಲಲ್ಲೇ ಕೂತೆ. ಆರೂವರೆ ಹೊತ್ತಿಗೆ ದೂರದಲ್ಲಿ ಮೊದಲ ಈಡಿನ ಸದ್ದು. ನಮ್ಮನೆಯವಳು ಎದ್ದು ಬಂದು, ದೀಪ ಹಾಕದೆ ಕಿಟಕಿ ಹತ್ತಿರ ನಿಂತಳು. ಹಿತ್ತಲಲ್ಲಿ ಬೇಲಿಯ ಗಿಡ ತಿನ್ನುತ್ತಾ ಹೆಣ್ಣು ಜಿಂಕೆಗಳು ನಿಂತಿದ್ದವು.

"ರೀ, ಬನ್ನಿ ಇಲ್ಲಿ" ಅಂದಳು. "ಐದು ಇವೆ. ಅಲ್ಲ, ಶೆಡ್ಡಿನ ಹಿಂದೆ ಇನ್ನೊಂದು."